ಗಸಗಸೆಯ ಪೊಟ್ಟಣ, ಪರದೇಶದ ಕಾನೂನು

ರಜೆ ಮುಗಿಸಿ ಗಲ್ಫ್‌ಗೆ ಹೊರಟವರ ಚೀಲದಲ್ಲಿ ಏನೇನಿರುತ್ತದೆ ಎಂಬುದು ಈ ಪುಟದ ಓದುಗರಿಗೆ ಬಾಯಿಪಾಠ. ಉಪ್ಪಿನಕಾಯಿ ಡಬ್ಬಿ, ಹಪ್ಪಳದ ಕಟ್ಟು, ಚಟ್ನಿಪುಡಿ, ಸಾರಿನ ಪುಡಿ, ಕೊಬ್ಬರಿ ಎಣ್ಣೆ. ಜೊತೆಗೆ ಊರಿನ ಡಾಕ್ಟರು ಬರೆದುಕೊಟ್ಟ ಆರು ತಿಂಗಳ ಮಾತ್ರೆ. ಹೊರಡುವ ಹಿಂದಿನ ರಾತ್ರಿ ಪಕ್ಕದ ಮನೆಯವರು ತಂದುಕೊಡುವ ಒಂದು ಪೊಟ್ಟಣ. ಹಬ್ಬ ಹತ್ತಿರವಿದ್ದರೆ ಪಾಯಸಕ್ಕೆಂದು ಅಮ್ಮ ಕಟ್ಟಿಕೊಡುವ ಕಾಲು ಕಿಲೋ ಗಸಗಸೆ.

ಈ ಪಟ್ಟಿಯ ಕೊನೆಯ ಮೂರು ಸಾಮಾನುಗಳ ಬಗ್ಗೆ ಇಂದು ಬರೆಯುತ್ತಿದ್ದೇವೆ. ಮಾತ್ರೆ, ಬೇರೆಯವರ ಪೊಟ್ಟಣ, ಗಸಗಸೆ ಮೂರೂ ಊರಿನಲ್ಲಿ ಯಾರ ಗಮನಕ್ಕೂ ಬಾರದ ವಸ್ತುಗಳು. ವಿಮಾನ ಇಳಿದ ಮೇಲೆ ಇದೇ ವಸ್ತುಗಳು ಮಾದಕ ವಸ್ತು ನಿಷೇಧ ಕಾನೂನಿನ ಕೈಗೆ ಸಿಗಬಹುದು. ನಾವು ದುಡಿಯುತ್ತಿರುವ ದೇಶಗಳಲ್ಲಿ ಆ ಕಾನೂನು ಲೋಕದಲ್ಲೇ ಅತಿ ಕಠಿಣವಾದವುಗಳ ಪೈಕಿ ಒಂದು. ಅದರ ಭಾರ ದೊಡ್ಡ ವ್ಯಾಪಾರಿಯ ಮೇಲೆ ಎಷ್ಟು ಬೀಳುತ್ತದೋ, ತಿಳಿಯದೆ ಚೀಲ ಹೊತ್ತವರ ಮೇಲೆ, ಕಾಯಿಲೆ ಬಿದ್ದವರ ಮೇಲೆ, ಊರಿನಲ್ಲಿ ಅವರ ದುಡಿಮೆಯನ್ನೇ ನಂಬಿಕೊಂಡ ಮನೆಯವರ ಮೇಲೆ ಅದಕ್ಕಿಂತ ಹೆಚ್ಚು ಬೀಳುತ್ತದೆ. ಇಷ್ಟು ವರ್ಷ ಇಲ್ಲಿದ್ದು ನಾವು ಕಂಡುಕೊಂಡದ್ದು ಇದು.

ಪಾಯಸದ ಬೀಜ, ಅಫೀಮಿನ ಗಿಡ

ಗಸಗಸೆ ಅಫೀಮಿನ ಗಿಡದ ಕಾಯಿಯೊಳಗಿನ ಬೀಜ. ಅಫೀಮು ಬರುವುದು ಹಸಿ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲಿನಿಂದ. ಬೀಜದಲ್ಲಿ ಆ ಗುಣ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಾಯಿಯ ಹಾಲು ಸೋಕಿದ ಬೀಜದ ಸಿಪ್ಪೆಯ ಮೇಲೆ ಮಾರ್ಫಿನ್ನಿನ ಅಂಶ ಅಲ್ಪಸ್ವಲ್ಪ ಉಳಿದಿರಬಹುದು. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆ, ಅಫೀಮಿನ ಒಣ ಗಿಡವನ್ನು ನಿಯಂತ್ರಿಸುವಾಗ ಬೀಜವನ್ನು ಹೊರಗಿಟ್ಟಿದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ರೈತರು ಸರ್ಕಾರದ ಪರವಾನಗಿ ಪಡೆದು ಈ ಬೆಳೆ ಬೆಳೆಯುತ್ತಾರೆ. ಹಾಗಾಗಿ ನಮ್ಮ ದಿನಸಿ ಅಂಗಡಿಯಲ್ಲಿ ಗಸಗಸೆ ಜೀರಿಗೆಯ ಪಕ್ಕದಲ್ಲೇ ಕುಳಿತಿರುತ್ತದೆ. ಕುರ್ಮಕ್ಕೂ ಹಾಕುತ್ತೇವೆ, ಪಾಯಸವನ್ನೂ ಮಾಡುತ್ತೇವೆ. ಪಾಯಸ ಉಂಡ ಮಧ್ಯಾಹ್ನ ಕಣ್ಣು ಎಳೆದರೆ ಮನೆಮಂದಿಯೆಲ್ಲ ನಗುತ್ತೇವೆ.

ಯುಎಇ, ಸೌದಿ ಅರೇಬಿಯಾಗಳಲ್ಲಿ ಇದೇ ಬೀಜ ನಿಷೇಧಿತ ವಸ್ತು. ಸಿಂಗಪುರದಲ್ಲೂ ಪ್ರಯಾಣಿಕರು ಇದನ್ನು ತರುವಂತಿಲ್ಲ. 2008ರಲ್ಲಿ ಬ್ರಿಟನ್ನಿನ ಸುದ್ದಿಮಾಧ್ಯಮಗಳು ದುಬೈಯ ಕೆಲವು ಪ್ರಕರಣಗಳನ್ನು ವರದಿ ಮಾಡಿದ್ದವು. ಅವುಗಳಲ್ಲೊಂದು ಸ್ವಿಸ್ ಪ್ರಜೆಯೊಬ್ಬರದು. ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ತಿಂದ ಬನ್ನಿನಿಂದ ಉದುರಿದ ಮೂರು ಗಸಗಸೆ ಕಾಳು ಅವರ ಬಟ್ಟೆಯ ಮೇಲೆ ಸಿಕ್ಕಿ ನಾಲ್ಕು ವರ್ಷ ಶಿಕ್ಷೆಯಾಯಿತು ಎಂಬುದು ಆ ವರದಿ. ಇನ್ನೊಂದು ಬ್ರಿಟಿಷ್ ಪ್ರಯಾಣಿಕರೊಬ್ಬರದು. ಅವರ ಶೂ ಅಡಿಗೆ ಅಂಟಿದ್ದ ಗಾಂಜಾ 0.003 ಗ್ರಾಂ, ಒಂದು ಸಕ್ಕರೆ ಹರಳಿಗಿಂತ ಹಗುರ. ಅವರಿಗೂ ನಾಲ್ಕು ವರ್ಷ.

ಆ ನಾಲ್ಕು ವರ್ಷ ಎಲ್ಲಿಂದ ಬಂತು ಎಂಬುದಕ್ಕೆ ಕಾರಣವಿದೆ. ಆಗ ಯುಎಇಯಲ್ಲಿ ಜಾರಿಯಲ್ಲಿದ್ದದ್ದು 1995ರ ಕಾನೂನು. ಅದರ ಪ್ರಕಾರ ಮಾದಕ ವಸ್ತು ಸೇವನೆಗೆ ಕನಿಷ್ಠ ಶಿಕ್ಷೆಯೇ ನಾಲ್ಕು ವರ್ಷ. ಶಿಕ್ಷೆಯ ನಂತರ ವಿದೇಶಿಯರಿಗೆ ಗಡೀಪಾರು. ಕನಿಷ್ಠ ಶಿಕ್ಷೆ ಅಷ್ಟಿದ್ದಾಗ ಪ್ರಮಾಣ ಎಷ್ಟು, ಉದ್ದೇಶ ಏನು ಎಂದು ನ್ಯಾಯಾಧೀಶರು ಕೇಳಿದರೂ ಇಳಿಸಲು ಅವರ ಕೈಯಲ್ಲಿ ಹೆಚ್ಚು ಉಳಿದಿರುವುದಿಲ್ಲ.

ಚೀಲ ಹಿಡಿದವರೇ ಹೊಣೆ

ಎರಡನೆಯದು ಬೇರೆಯವರ ಪೊಟ್ಟಣ. "ನನ್ನ ತಮ್ಮ ಏರ್‌ಪೋರ್ಟಿಗೇ ಬರ್ತಾನೆ ಮಾರಾಯ್ರೆ, ಕೈಗೆ ಕೊಟ್ಟರೆ ಸಾಕು" ಎಂದು ಯಾರಾದರೂ ಕೇಳಿದರೆ ಕರಾವಳಿಯಲ್ಲಿ ಇಲ್ಲವೆನ್ನುವುದು ಕಷ್ಟ. ನಾವೂ ಹಾಗೆ ಕೊಟ್ಟವರೇ, ಹಾಗೆ ಪಡೆದವರೇ. ಗಲ್ಫ್ ಬದುಕು ನಿಂತದ್ದೇ ಈ ಕೊಡುಕೊಳ್ಳುವಿಕೆಯ ಮೇಲೆ. ಕಳ್ಳಸಾಗಣೆಯವರು ಬಳಸಿಕೊಳ್ಳುವುದೂ ಇದೇ ಸಂಕೋಚವನ್ನು.

2019ರ ಜುಲೈನಲ್ಲಿ ಮುಂಬೈನ ದಂಪತಿ ಕತಾರಿನ ದೋಹಾಕ್ಕೆ ಹೋದರು. ಪ್ರವಾಸ ಗಂಡನ ಅತ್ತೆಯೊಬ್ಬರು ಕೊಟ್ಟ ಉಡುಗೊರೆ. ಹೆಂಡತಿ ಗರ್ಭಿಣಿ. ದೋಹಾದಲ್ಲಿ ಅವರ ಸಾಮಾನಿನಲ್ಲಿ ನಾಲ್ಕು ಕಿಲೋಗೂ ಹೆಚ್ಚು ಚರಸ್ ಸಿಕ್ಕಿತು. ಇಬ್ಬರಿಗೂ ತಲಾ ಹತ್ತು ವರ್ಷ ಜೈಲು, ಮೂರು ಲಕ್ಷ ರಿಯಾಲ್ ದಂಡ. ಮಗು ಹುಟ್ಟಿದ್ದು ಜೈಲಿನಲ್ಲಿದ್ದಾಗಲೇ. ಊರಿನಲ್ಲಿ ಹೆಣ್ಣಿನ ತಂದೆ ಬಾಗಿಲು ಬಾಗಿಲು ತಿರುಗಿದ ಮೇಲೆ ಭಾರತದ ಮಾದಕ ವಸ್ತು ನಿಯಂತ್ರಣ ಬ್ಯೂರೋ ತನಿಖೆ ನಡೆಸಿ, ದಂಪತಿಯನ್ನು ಮೋಸದಿಂದ ಕಳಿಸಲಾಗಿತ್ತೆಂದು ಕಂಡುಕೊಂಡಿತು. 2021ರ ಮಾರ್ಚ್‌ನಲ್ಲಿ ಕತಾರಿನ ನ್ಯಾಯಾಲಯ ಇಬ್ಬರನ್ನೂ ಬಿಡುಗಡೆ ಮಾಡಿತು. ಏಪ್ರಿಲ್‌ನಲ್ಲಿ ಮೂವರೂ ಮುಂಬೈಗೆ ಮರಳಿದರು. ಪೊಟ್ಟಣ ಕೊಟ್ಟವರು ಹೊರಗಿನವರಲ್ಲ, ಮನೆಯವರೇ ಎಂಬುದನ್ನು ಮರೆಯಬಾರದು.

2023ರ ಏಪ್ರಿಲ್‌ನಲ್ಲಿ ಮುಂಬೈನ ನಟಿಯೊಬ್ಬರು ಶಾರ್ಜಾದಲ್ಲಿ ಸಿಕ್ಕಿಬಿದ್ದರು. ಅವರ ಕೈಯಲ್ಲಿದ್ದ ಟ್ರೋಫಿಯೊಳಗೆ ಗಾಂಜಾ ತುಂಬಿತ್ತು. ಆಕೆಯ ತಾಯಿಯ ಮೇಲಿನ ಹಗೆಗೆ ಪರಿಚಿತನೊಬ್ಬ ಹೂಡಿದ ಸಂಚು ಅದು ಎಂದು ಮುಂಬೈ ಪೊಲೀಸರು ಕಂಡುಕೊಂಡರು. ಆಕೆ ಜೈಲಿನಿಂದ ಹೊರಬಂದದ್ದು ಕೆಲವು ವಾರಗಳ ನಂತರ, ಊರು ತಲುಪಿದ್ದು ತಿಂಗಳುಗಳ ನಂತರ.

ಈ ಎರಡು ಪ್ರಕರಣಗಳಲ್ಲಿ ನಿಜ ಹೊರಬಿದ್ದದ್ದು ಊರಿನಲ್ಲಿ ಹೋರಾಡುವವರು ಇದ್ದುದರಿಂದ, ಸುದ್ದಿಮಾಧ್ಯಮ ಬೆನ್ನು ಹತ್ತಿದ್ದರಿಂದ, ಭಾರತದ ಪೊಲೀಸರು ತನಿಖೆ ಮಾಡಿದ್ದರಿಂದ. ಕ್ಯಾಂಪಿನಲ್ಲಿರುವ ಒಬ್ಬ ಗಾರೆ ಕೆಲಸದವನ ಹಿಂದೆ ಇಷ್ಟು ಜನ ನಿಲ್ಲುವುದು ಅಪರೂಪ. ಅವನಿಗೆ ಅರಬಿ ಬರುವುದಿಲ್ಲ. ಹೇಳಿಕೆಯ ಕಾಗದದಲ್ಲಿ ಏನು ಬರೆದಿದೆ ಎಂದು ಓದಲಾಗುವುದಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ.

ಸಿಂಗಪುರದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 15 ಗ್ರಾಂಗಿಂತ ಹೆಚ್ಚು ಹೆರಾಯಿನ್ ಅಥವಾ 500 ಗ್ರಾಂಗಿಂತ ಹೆಚ್ಚು ಗಾಂಜಾ ಸಾಗಿಸಿದರೆ ಮರಣದಂಡನೆ. ಚೀಲ ಯಾರ ಬಳಿ ಇದೆಯೋ ಒಳಗಿನದೂ ಅವರಿಗೆ ಗೊತ್ತಿತ್ತು ಎಂದು ಅಲ್ಲಿನ ಕಾನೂನು ಮೊದಲು ಊಹಿಸಿಕೊಳ್ಳುತ್ತದೆ. ಗೊತ್ತಿರಲಿಲ್ಲ ಎಂದು ತೋರಿಸುವ ಹೊಣೆ ಹಿಡಿದವರದು. 2012ರ ತಿದ್ದುಪಡಿಯ ನಂತರ ಬರೀ ಸಾಗಿಸಿದವರಿಗೆ ಕೆಲವು ಷರತ್ತುಗಳ ಮೇಲೆ ಜೀವ ಉಳಿಯುವ ದಾರಿ ತೆರೆಯಿತು. ದೊಡ್ಡವರನ್ನು ಹಿಡಿಯಲು ನೆರವಾಗುವಂಥ ಮಾಹಿತಿ ಕೊಡುವುದು ಅದರಲ್ಲಿ ಮುಖ್ಯ ಷರತ್ತು. ತಳಮಟ್ಟದಲ್ಲಿ ಚೀಲ ಹೊರುವವನಿಗೆ ದೊಡ್ಡವರ ಹೆಸರೇ ಗೊತ್ತಿರುವುದಿಲ್ಲ. ಅವನ ಬಳಿ ಕೊಡಲು ಏನಿರುತ್ತದೆ? ಮಲೇಷ್ಯಾದ ನಾಗೇಂದ್ರನ್ ಧರ್ಮಲಿಂಗಂ 2009ರಲ್ಲಿ 42.72 ಗ್ರಾಂ ಹೆರಾಯಿನ್ ತೊಡೆಗೆ ಕಟ್ಟಿಕೊಂಡು ಸಿಂಗಪುರಕ್ಕೆ ಬಂದು ಸಿಕ್ಕಿದರು. ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಅವರ ಐಕ್ಯೂ 69 ಎಂದು ಬಂದಿತ್ತು. ಲೋಕದ ಹಲವೆಡೆಯಿಂದ ಮನವಿ ಹೋಯಿತು. 2022ರ ಏಪ್ರಿಲ್ 27ರಂದು ಅವರನ್ನು ಗಲ್ಲಿಗೇರಿಸಲಾಯಿತು.

ಡಾಕ್ಟರ ಚೀಟಿಯೂ ಸಾಲದು

ಮೂರನೆಯದು ಮಾತ್ರೆ. ಬೆನ್ನುನೋವಿಗೆ ಟ್ರಾಮಡಾಲ್, ಕೆಮ್ಮಿಗೆ ಕೊಡೀನ್ ಇರುವ ಸಿರಪ್, ನಿದ್ದೆಗೆ ಅಲ್ಪ್ರಜೋಲಾಮ್, ನರದ ಉರಿಗೆ ಪ್ರೆಗಾಬಲಿನ್. ಇವು ಊರಿನ ಡಾಕ್ಟರು ಬರೆಯುವ ಸಾಮಾನ್ಯ ಔಷಧಿಗಳು. ಟ್ರಾಮಡಾಲನ್ನು ಭಾರತವೇ ಎನ್‌ಡಿಪಿಎಸ್ ಕಾಯ್ದೆಯಡಿ ತಂದದ್ದು 2018ರಲ್ಲಿ. ಗಲ್ಫ್‌ನಲ್ಲಿ ಈ ಬಗೆಯ ಔಷಧಿಗಳ ಮೇಲೆ ಬಿಗಿ ನಿಯಂತ್ರಣವಿದೆ. ಚೀಟಿ ಕೈಯಲ್ಲಿದ್ದರೂ ಮುಂಗಡ ಅನುಮತಿ ಇಲ್ಲದೆ ತಂದರೆ ತೊಂದರೆಯಾಗಬಹುದು.

ಇದರ ಪರಿಣಾಮ ವಿಮಾನ ನಿಲ್ದಾಣದಲ್ಲಿ ಮುಗಿಯುವುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಭಾರ ಎತ್ತುವವನಿಗೆ ಬೆನ್ನು ಹಿಡಿದರೆ ಇಲ್ಲಿನ ಆಸ್ಪತ್ರೆಗೆ ಹೋಗಬೇಕು. ಹೋದರೆ ಅರ್ಧ ದಿನದ ಸಂಬಳ ಹೋಗುತ್ತದೆ. ಆಗ ಪಕ್ಕದ ಮಂಚದವನು "ಇದೊಂದು ತಗೋ, ರಾತ್ರಿ ಹಾಯಾಗಿ ಮಲಗ್ತೀಯ" ಎಂದು ಮಾತ್ರೆ ಕೊಡುತ್ತಾನೆ. ಅದು ಯಾರ ಚೀಟಿಯದೋ, ಎಲ್ಲಿಂದ ಬಂದದ್ದೋ ಗೊತ್ತಿರುವುದಿಲ್ಲ. ತಿಂಗಳು ಕಳೆದಂತೆ ಒಂದು ಮಾತ್ರೆ ಎರಡಾಗುತ್ತದೆ. ಅಭ್ಯಾಸ ಬಿಡಲಾಗದೆ ಹೋದಾಗ ಯಾರ ಬಳಿಯಾದರೂ ಹೇಳಿಕೊಳ್ಳಲು ಭಯ. ಹೇಳಿದರೆ ಕೆಲಸ ಹೋದೀತು, ವೀಸಾ ಹೋದೀತು, ಪೊಲೀಸರು ಬಂದಾರು. ರೂಮಿನಲ್ಲಿ ಒಬ್ಬ ಪ್ರಜ್ಞೆ ತಪ್ಪಿ ಬಿದ್ದರೂ ಆಂಬುಲೆನ್ಸ್ ಕರೆಯಲು ಉಳಿದವರ ಕೈ ನಡುಗುತ್ತದೆ, ತಮ್ಮ ಹೆಸರೂ ಬಂದೀತೆಂದು. ಮಾದಕ ವಸ್ತುವಿನಿಂದ ಜನರನ್ನು ಕಾಪಾಡಲು ಬಂದ ಕಾನೂನಿನ ಭಯವೇ ಕಾಯಿಲೆಯವರನ್ನು ಡಾಕ್ಟರಿಂದ ದೂರ ಇಡುತ್ತದೆ.

ಕಾನೂನಿನ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಇಲ್ಲಿನ ಮನೆಗಳಿಗೂ ಮಾದಕ ವಸ್ತುವಿನ ಸಂಕಟ ಇದೆ. ಕ್ಯಾಪ್ಟಗಾನ್ ಎಂಬ ಮಾತ್ರೆ ಸಿರಿಯಾ, ಲೆಬನಾನ್ ಕಡೆಯಿಂದ ಸೌದಿಗೆ ಕೋಟಿಗಟ್ಟಲೆ ಸಂಖ್ಯೆಯಲ್ಲಿ ನುಗ್ಗಿದೆ, ಹಣ್ಣಿನ ಪೆಟ್ಟಿಗೆಗಳಲ್ಲೂ ಸಿಕ್ಕಿದೆ. ಹೆತ್ತವರು ಬಿಗಿ ಕಾನೂನು ಬೇಕು ಎನ್ನುವುದು ಸಹಜ. ಮಾದಕ ವಸ್ತು ಪ್ರಕರಣಗಳಲ್ಲಿ ನಿಲ್ಲಿಸಿದ್ದ ಮರಣದಂಡನೆಯನ್ನು ಸೌದಿ 2022ರ ನವೆಂಬರ್‌ನಲ್ಲಿ ಮತ್ತೆ ಶುರುಮಾಡಿತು. ಆ ಮನೆಗಳ ದುಃಖವನ್ನು ನಾವು ಅಲ್ಲಗಳೆಯುವುದಿಲ್ಲ. ಕೋಟಿ ಮಾತ್ರೆ ಸಾಗಿಸಿದವನಿಗೂ, ಬೆನ್ನುನೋವಿಗೆ ಎರಡು ಮಾತ್ರೆ ನುಂಗಿದವನಿಗೂ ಒಂದೇ ಭಯ ಏಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಈ ಪ್ರಶ್ನೆಯನ್ನು ಇಲ್ಲಿನ ಸರ್ಕಾರಗಳೂ ಕೇಳಿಕೊಂಡಿವೆ. ಯುಎಇ ಕನಿಷ್ಠ ಶಿಕ್ಷೆಯನ್ನು 2016ರಲ್ಲಿ ಎರಡು ವರ್ಷಕ್ಕೆ ಇಳಿಸಿತು. 2021ರಲ್ಲಿ ಹೊಸ ಕಾನೂನನ್ನೇ ತಂದಿತು, ಅದು 2022ರ ಜನವರಿಯಿಂದ ಜಾರಿಯಾಯಿತು. ಮೊದಲ ಸಲ ಸೇವನೆಗೆ ಸಿಕ್ಕಿಬಿದ್ದವರಿಗೆ ಕನಿಷ್ಠ ಮೂರು ತಿಂಗಳ ಸೆರೆ ಅಥವಾ 20,000ದಿಂದ 1,00,000 ದಿರಮ್ ದಂಡ ಎಂದಾಯಿತು. ಗಡೀಪಾರಿನ ತೀರ್ಮಾನವನ್ನು ಆಗ ನ್ಯಾಯಾಧೀಶರ ವಿವೇಚನೆಗೆ ಬಿಡಲಾಯಿತು. ಚಟಕ್ಕೆ ಬಿದ್ದವರು ತಾವಾಗಿಯೇ ಚಿಕಿತ್ಸೆಗೆ ಬಂದರೆ, ಅಥವಾ ಹತ್ತಿರದ ಬಂಧುಗಳು ಕರೆತಂದರೆ, ಅವರ ಮೇಲೆ ಮೊಕದ್ದಮೆ ಇಲ್ಲ ಎಂಬ ಅವಕಾಶವೂ ಕಾನೂನಿನಲ್ಲಿದೆ. ಒಳ್ಳೆಯ ಅವಕಾಶ. ಆದರೆ ಒಂಟಿಯಾಗಿ ಕ್ಯಾಂಪಿನಲ್ಲಿರುವವನನ್ನು ಕೈಹಿಡಿದು ಕರೆದೊಯ್ಯಲು ಬಂಧುಗಳು ಇರುವುದು ಊರಿನಲ್ಲಿ. ಅದೇ ಕಾನೂನಿನಲ್ಲಿ ಇನ್ನೊಂದು ಕಲಮು ಇದೆ. ಶಿಕ್ಷೆ ಮುಗಿಸಿದವರು ಎರಡು ವರ್ಷ ಕಾಲ ವಿಶೇಷ ಅನುಮತಿ ಇಲ್ಲದೆ ಯಾರಿಗೂ ಹಣ ಕಳಿಸುವಂತಿಲ್ಲ. ಹಣ ಕಳಿಸಲೆಂದೇ ಇಲ್ಲಿಗೆ ಬಂದವನ ಪಾಲಿಗೆ ಇದರ ಅರ್ಥವೇನು ಎಂದು ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಸಡಿಲ ಕಂಡ ದೇಶದಲ್ಲೂ ಎಚ್ಚರ

ಅಮೆರಿಕ, ಕೆನಡಾ, ಜರ್ಮನಿಯಲ್ಲಿ ಮಕ್ಕಳಿರುವ ಮನೆಗಳಿಗೆ ಇದು ಸಂಬಂಧವಿಲ್ಲದ ಮಾತು ಅನ್ನಿಸಬಹುದು. ಕೆನಡಾ 2018ರ ಅಕ್ಟೋಬರ್‌ನಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡಿತು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು 25 ಗ್ರಾಂವರೆಗೆ ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಗಡಿಯಲ್ಲೇ ಸಿಗುತ್ತದೆ.

ಆದರೆ ಅಮೆರಿಕದ ರಾಜ್ಯಗಳು ಒಪ್ಪಿದರೂ ಕೇಂದ್ರದ ಕಾನೂನು ಒಪ್ಪಿಲ್ಲ. ವೀಸಾ, ಗ್ರೀನ್ ಕಾರ್ಡ್ ಕೊಡುವುದು ಕೇಂದ್ರ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಗೆಳೆಯ ಸಂಜೆ ಸೇದಿದರೆ ಅವನಿಗೆ ಏನೂ ಆಗದಿರಬಹುದು. ಎಚ್‌-1ಬಿ ವೀಸಾದಲ್ಲಿರುವ ನಮ್ಮ ಹುಡುಗ ಅದನ್ನೇ ಮಾಡಿ, ಅಧಿಕಾರಿಯ ಮುಂದೆ ಒಪ್ಪಿಕೊಂಡರೆ ದೇಶ ಪ್ರವೇಶಕ್ಕೇ ಅಡ್ಡಿಯಾಗಬಹುದು. ಗಾಂಜಾ ಉದ್ಯಮದಲ್ಲಿ ಕೆಲಸ ಮಾಡುವುದೂ ಪೌರತ್ವದ ಅರ್ಜಿಗೆ ತೊಡಕಾಗಬಹುದು ಎಂದು ಅಲ್ಲಿನ ವಲಸೆ ಇಲಾಖೆ 2019ರಲ್ಲಿ ಸ್ಪಷ್ಟಪಡಿಸಿತು. ಕೆನಡಾದಲ್ಲಿ ಅಂಗಡಿಯಿಂದ ಕೊಂಡದ್ದನ್ನು ಗಡಿ ದಾಟಿಸುವುದು ಕೆನಡಾದ ಕಾನೂನಿನ ಪ್ರಕಾರವೇ ಅಪರಾಧ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಟೊರಾಂಟೊದಿಂದ ಊರಿಗೆ ಬರುವಾಗ ದುಬೈಯಲ್ಲಿ ಎರಡು ದಿನ ಇಳಿಯುವವರು ಬಹಳ. ಯುಎಇಯಲ್ಲಿ ರಕ್ತ ಅಥವಾ ಮೂತ್ರದಲ್ಲಿ ಅಂಶ ಸಿಕ್ಕರೂ ಅಪರಾಧವೇ. ಬೇರೆ ದೇಶದಲ್ಲಿ ಕಾನೂನುಬದ್ಧವಾಗಿ ಸೇವಿಸಿದ್ದು ಎಂಬ ಸಮರ್ಥನೆಯನ್ನು ನಂಬಿಕೊಳ್ಳುವಂತಿಲ್ಲ. ಸಿಂಗಪುರ ತನ್ನ ಪ್ರಜೆಗಳನ್ನೂ ಕಾಯಂ ನಿವಾಸಿಗಳನ್ನೂ ಹೊರದೇಶದಲ್ಲಿ ಸೇವಿಸಿದ್ದಕ್ಕೂ ಶಿಕ್ಷಿಸಬಲ್ಲದು. ಅಲ್ಲಿ ಕಾಯಂ ನೆಲೆಸಿರುವ ಕನ್ನಡಿಗರಿಗೂ ಇದು ಅನ್ವಯ.

ಊರಿನ ಮೌನ

ಜೈಲಿನಲ್ಲಿರುವವನಿಗೆ ನ್ಯಾಯಾಲಯ ಒಂದು ಶಿಕ್ಷೆ ಕೊಟ್ಟರೆ ಮನೆಯವರಿಗೆ ಊರು ಇನ್ನೊಂದು ಕೊಡುತ್ತದೆ. ವಿದೇಶಿ ಜೈಲುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಭಾರತೀಯರಿದ್ದಾರೆ ಎಂದು ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿಗೆ ತಿಳಿಸಿತು. ಅತಿ ಹೆಚ್ಚು ಮಂದಿ ಇರುವುದು ಸೌದಿ ಮತ್ತು ಯುಎಇಯಲ್ಲಿ. ಇವರೆಲ್ಲ ಮಾದಕ ವಸ್ತುವಿನ ಆರೋಪದವರಲ್ಲ. ಆದರೆ ಚೆಕ್ ಬೌನ್ಸ್ ಆಗಿ ಜೈಲಿಗೆ ಹೋದವನ ಬಗ್ಗೆ "ಪಾಪ, ಮೋಸ ಹೋದ" ಎನ್ನುವ ಊರು, ಗಾಂಜಾ ಎಂಬ ಪದ ಕೇಳಿದ ಕೂಡಲೇ ಬಾಯಿ ಮುಚ್ಚುತ್ತದೆ. ಮನೆಯವರೂ ಹೇಳಿಕೊಳ್ಳುವುದಿಲ್ಲ. "ಅವನಿಗೆ ಕಂಪನಿಯಲ್ಲಿ ರಜೆ ಸಿಕ್ತಿಲ್ಲ" ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದ ಮನೆಗಳನ್ನು ನಾವು ಬಲ್ಲೆವು. ತಂಗಿಯ ಮದುವೆ ಮಾತುಕತೆ ನಿಂತೀತೆಂಬ ಅಂಜಿಕೆ, ಸಹಕಾರಿ ಸಂಘದ ಸಾಲದವರು ಬಂದಾರೆಂಬ ಅಂಜಿಕೆ. ಹೆಂಡತಿ ತವರಿಗೂ ಹೇಳುವುದಿಲ್ಲ, ಮಕ್ಕಳಿಗೂ ಹೇಳುವುದಿಲ್ಲ.

ಈ ಮೌನದ ಬೆಲೆ ದೊಡ್ಡದು. ಮೊದಲ ಕೆಲವು ದಿನಗಳಲ್ಲಿ ದೂತಾವಾಸಕ್ಕೆ ತಿಳಿಸಿದ್ದರೆ ದುಭಾಷಿ ಸಿಗಬಹುದಿತ್ತು, ಹೇಳಿಕೆಗೆ ಸಹಿ ಹಾಕುವ ಮೊದಲು ವಕೀಲರ ಮಾತು ಕೇಳಬಹುದಿತ್ತು. ಪೊಟ್ಟಣ ಕೊಟ್ಟವರ ಮೇಲೆ ಊರಿನಲ್ಲೇ ದೂರು ದಾಖಲಾಗಿದ್ದರೆ ಅದೇ ಸಾಕ್ಷಿಯಾಗಬಹುದಿತ್ತು. ಕತಾರಿನ ದಂಪತಿಯನ್ನು ಉಳಿಸಿದ್ದು ಹೆಣ್ಣಿನ ತಂದೆ ನಾಚಿಕೆ ಬಿಟ್ಟು ಮಾತಾಡಿದ್ದು.

ಮನೆಯವರಿಗೆ ನಮ್ಮ ಕೋರಿಕೆ

ಗಸಗಸೆ ಕಟ್ಟಬೇಡಿ, ಮಸಾಲೆ ಪುಡಿಯಲ್ಲಿ ಸೇರಿಸಿಯೂ ಕಳಿಸಬೇಡಿ. ಕುರ್ಮಕ್ಕೆ ಇಲ್ಲಿ ಗೋಡಂಬಿ ಸಿಗುತ್ತದೆ, ಪಾಯಸ ಊರಿಗೆ ಬಂದಾಗ ಉಣ್ಣುತ್ತೇವೆ. ಭಂಗ್ ಬೆರೆತ ಯಾವ ಲೇಹ್ಯವೂ ಬೇಡ, ಆಯುರ್ವೇದದ್ದಾದರೂ ಪದಾರ್ಥಗಳ ಪಟ್ಟಿ ಓದಿ.

ಔಷಧಿ ಕಳಿಸುವ ಮೊದಲು ಡಾಕ್ಟರ ಬಳಿ ಒಂದೇ ಪ್ರಶ್ನೆ ಕೇಳಿ: "ಇದು ಗಲ್ಫ್‌ನಲ್ಲಿ ನಿಯಂತ್ರಿತ ಔಷಧಿಯಾ? ಬದಲಿ ಇದೆಯಾ?" ಬದಲಿ ಇಲ್ಲದಿದ್ದರೆ ಹೋಗುವ ದೇಶದ ಆರೋಗ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಅನುಮತಿ ಪಡೆಯಬೇಕು. ಯುಎಇಗೆ ಪ್ರಯಾಣಕ್ಕೆ ಮೊದಲೇ ಮನೆಯಿಂದ ಅರ್ಜಿ ಹಾಕಬಹುದು. ಮಾತ್ರೆ ಅಂಗಡಿಯ ಪಟ್ಟಿಯಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ತುಂಬಬೇಡಿ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು, ಪ್ರಯಾಣಿಕರ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಇರಲಿ. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಹೋದ ವರ್ಷ ಬಿಟ್ಟರು ಎಂದು ಈ ವರ್ಷ ನಂಬಬೇಡಿ.

ಬೇರೆಯವರ ಪೊಟ್ಟಣಕ್ಕೆ ಇಲ್ಲ ಎನ್ನಿ. ಹೇಳಲು ಮುಜುಗರವಾದರೆ ನಮ್ಮ ಮೇಲೆ ಹಾಕಿ: "ಅವನು ತರಬೇಡ ಅಂದಿದ್ದಾನೆ." ಬೇಸರ ಮಾಡಿಕೊಂಡವರ ಜೊತೆ ಮುಂದೊಂದು ದಿನ ರಾಜಿಯಾಗಬಹುದು.

ಒಂದು ವೇಳೆ ಸುದ್ದಿ ಬಂದೇಬಿಟ್ಟರೆ ಮೊದಲು ಆ ದೇಶದ ಭಾರತೀಯ ದೂತಾವಾಸಕ್ಕೆ ತಿಳಿಸಿ. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಬಂಧಿತರು ಬಯಸಿದರೆ ತಮ್ಮ ದೇಶದ ದೂತಾವಾಸದವರನ್ನು ಕಾಣುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದಲೇ ಇದೆ. ವಕೀಲರಿಗೆ ಕೊಡಲು ಶಕ್ತಿಯಿಲ್ಲದವರಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ಕೇಳಬಹುದು. ಶಿಕ್ಷೆಯಾದ ಮೇಲೂ ದಾರಿ ಮುಚ್ಚುವುದಿಲ್ಲ. ಯುಎಇ, ಸೌದಿ, ಕತಾರ್ ದೇಶಗಳೊಂದಿಗೆ ಕೈದಿಗಳ ವರ್ಗಾವಣೆ ಒಪ್ಪಂದವಿದೆ, ಉಳಿದ ಶಿಕ್ಷೆಯನ್ನು ಭಾರತದಲ್ಲಿ ಅನುಭವಿಸಲು ಅರ್ಜಿ ಹಾಕಬಹುದು. "ನಾಳೆಯೇ ಬಿಡಿಸಿಕೊಡುತ್ತೇನೆ, ಇಷ್ಟು ಕಳಿಸಿ" ಎನ್ನುವ ಏಜೆಂಟರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಇಷ್ಟೆಲ್ಲ ಮಾಡಲು ಕೆಲವು ಮಾಹಿತಿ ಕೈಯಲ್ಲಿರಬೇಕು. ನಿಮ್ಮವರ ಪಾಸ್‌ಪೋರ್ಟ್ ಮತ್ತು ವೀಸಾದ ನಕಲು, ಕಂಪನಿಯ ಹೆಸರು, ಕ್ಯಾಂಪಿನ ವಿಳಾಸ, ಜೊತೆಯಲ್ಲಿರುವ ಇಬ್ಬರ ಫೋನ್ ನಂಬರ್. ಇವು ನಿಮ್ಮ ಬಳಿ ಇಲ್ಲದಿದ್ದರೆ ಈ ವಾರ ಫೋನ್ ಬಂದಾಗ ಕೇಳಿ ಬರೆದಿಟ್ಟುಕೊಳ್ಳಿ. ಬೆನ್ನುನೋವು ಹೇಗಿದೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಅದನ್ನು ಯಾರು ಕೊಟ್ಟರು ಎಂದೂ ಕೇಳಿ.